‘ಬಹಳ ಮಕ್ಕಳಿದ್ದಾರೆ’ ಅಂದರೆ ಎಷ್ಟು?

ನಮ್ಮ ಹಟ್ಟಿಗೊಂದು ಅಂಗನವಾಡಿ ಬೇಕು ಎಂದು ಹಿರಿಯರು ಮೂರು ಸಲ ಅರ್ಜಿ ಕೊಟ್ಟಿದ್ದರು. ಮೂರೂ ಕಚೇರಿಯಲ್ಲೇ ಕೂತವು. ನಾಲ್ಕನೆಯದನ್ನು ಬರೆಯುವ ಕೆಲಸ ರಜೆಗೆ ಬಂದಿದ್ದ ನನ್ನ ತಲೆಗೆ ಬಿತ್ತು. ‘ಬಿಇ ಓದ್ತಿದ್ದೀಯಲ್ಲಪ್ಪ, ಚೆನ್ನಾಗಿ ಬರಿ’ ಎಂದರು ಚಿಕ್ಕಪ್ಪ. ಹಳೆಯ ಅರ್ಜಿಯ ಜೆರಾಕ್ಸ್ ತೆಗೆದು ನೋಡಿದೆ. ‘ನಮ್ಮ ಹಟ್ಟಿಯಲ್ಲಿ ಬಹಳ ಮಕ್ಕಳಿದ್ದು ತುಂಬಾ ತೊಂದರೆಯಾಗಿರುತ್ತದೆ, ಆದಕಾರಣ ತಾವು ದಯಮಾಡಿ...’ ಎಂದಿತ್ತು. ಕೆಳಗೆ ಎರಡು ಪುಟ ಸಹಿ, ಹೆಬ್ಬೆಟ್ಟು. ಸಂಕಟವೆಲ್ಲ ಅದರಲ್ಲಿತ್ತು, ಸಂಖ್ಯೆ ಮಾತ್ರ ಒಂದೂ ಇರಲಿಲ್ಲ.

ಸರ್ಕಾರದ ಅನುದಾನಗಳಲ್ಲಿ ಹೆಚ್ಚಿನವು ಜನಸಂಖ್ಯೆಯ ಮೇಲೆಯೇ ನಿಂತಿವೆ ಎಂಬುದು ನನಗೂ ಆಗಲೇ ತಿಳಿದದ್ದು. 400ರಿಂದ 800 ಜನರಿಗೆ ಒಂದು ಅಂಗನವಾಡಿ, 150ರಿಂದ 400 ಜನರಿರುವ ಕಡೆ ಮಿನಿ ಅಂಗನವಾಡಿ ಎಂಬುದು ಐಸಿಡಿಎಸ್ ಮಾನದಂಡ. ಗ್ರಾಮ ಸಡಕ್ ಯೋಜನೆಯ ನಾಲ್ಕನೇ ಹಂತದಲ್ಲಿ ರಸ್ತೆ ಕೇಳಬೇಕಾದರೆ ಬಯಲುಸೀಮೆಯ ಜನವಸತಿಯಲ್ಲಿ 2011ರ ಜನಗಣತಿಯಂತೆ 500 ಜನರಾದರೂ ಇರಬೇಕು. ಸ್ಥಳೀಯ ಸಂಸ್ಥೆಗಳ ಅನುದಾನವನ್ನು ರಾಜ್ಯಗಳಿಗೆ ಹಂಚಲು 15ನೇ ಹಣಕಾಸು ಆಯೋಗ ಜನಸಂಖ್ಯೆಗೆ ಶೇ 90, ವಿಸ್ತೀರ್ಣಕ್ಕೆ ಶೇ 10 ತೂಕ ಕೊಟ್ಟಿತ್ತು. ಅಂದಮೇಲೆ ‘ಬಹಳ’ ಎಂಬ ಮಾತನ್ನು ಅಧಿಕಾರಿ ಯಾವ ಕಾಲಂನಲ್ಲಿ ತುಂಬಬೇಕು? ಅರ್ಜಿ ಕೂತದ್ದಕ್ಕೆ ಎಲ್ಲರೂ ಕಚೇರಿಯನ್ನು ಬೈಯುತ್ತಿದ್ದರು. ನನಗೆ ಅರ್ಧ ತಪ್ಪು ನಮ್ಮದೇ ಅನ್ನಿಸಿತು.

ಜನಗಣತಿ ಇಲಾಖೆಯ ವೆಬ್‌ಸೈಟಿನಲ್ಲಿ ಪ್ರತಿ ಜಿಲ್ಲೆಯ ಕೈಪಿಡಿ ಉಚಿತವಾಗಿ ಸಿಗುತ್ತದೆ. ಪ್ರತಿ ಹಳ್ಳಿಗೂ ಆರು ಅಂಕಿಯ ಒಂದು ಕೋಡ್. ಅದರ ಸಾಲಿನಲ್ಲಿ ಮನೆಗಳು, ಜನ, ಪರಿಶಿಷ್ಟ ಜಾತಿ–ಪಂಗಡದವರು, ಅಕ್ಷರಸ್ಥರು, ರೈತರು, ಕೃಷಿ ಕೂಲಿಗಳು ಹೀಗೆ ಎಲ್ಲರ ಲೆಕ್ಕವಿದೆ. ಶಾಲೆ, ಆಸ್ಪತ್ರೆ, ಬಸ್ಸು ಊರಲ್ಲಿಲ್ಲದಿದ್ದರೆ ಐದು ಕಿ.ಮೀ. ಒಳಗಿದೆಯೋ, ಹತ್ತರ ಒಳಗೋ, ಅದಕ್ಕೂ ದೂರವೋ ಎಂಬುದೂ ಇದೆ. ನಮ್ಮ ಊರಿನ ಸಾಲನ್ನು ಹುಡುಕಿ ‘0–6 ವರ್ಷ’ ಎಂಬ ಕಾಲಂಗೆ ಬಂದಾಗ ನಗು ಬಂತು. 2011ರಲ್ಲಿ ನನಗೆ ಐದು ವರ್ಷ. ಆ ಸಂಖ್ಯೆಯಲ್ಲಿ ನಾನೂ ಒಬ್ಬ! ಅಲ್ಲಿ ಮಗುವಾಗಿ ಎಣಿಸಲ್ಪಟ್ಟವನು ಈಗ ಆರನೇ ಸೆಮಿಸ್ಟರ್. ನಮ್ಮ ಅರ್ಜಿಗಳು ಒಲಗುವುದು ಇಷ್ಟು ಹಳೆಯ ಪಟ್ಟಿಗೆ.

ಹಳೆಯದಾದರೆ ಏನಂತೆ, ಲೆಕ್ಕ ಹಾಕಿ ಹೊಸದು ಮಾಡೋಣ ಎಂದು ಹೊರಟೆ. 2001ರಿಂದ 2011ರವರೆಗೆ ರಾಜ್ಯದ ಜನಸಂಖ್ಯೆ ಶೇ 15.6ರಷ್ಟು ಹೆಚ್ಚಿದೆ. ಅದೇ ದರವನ್ನು ಊರಿಗೆ ಹಚ್ಚಿ, ಗ್ರಾಫ್ ಬೇರೆ ಬಿಡಿಸಿ ಪಿಡಿಒ ಅವರಿಗೆ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಹೇಳಿದರು: ‘ಅರ್ಧ ಊರು ಬೆಂಗಳೂರಿಗೆ ಹೋಗಿ ಕೂತಿದೆ, ನಿನ್ನ ಲೆಕ್ಕದಲ್ಲಿ ಜನ ಜಾಸ್ತಿ ಆಗಿದಾರಲ್ಲ ಮರಿ.’ ಅಲ್ಲಿಗೆ ಗ್ರಾಫ್ ಮಡಚಿಟ್ಟೆ.

ಇನ್ನೊಂದು ಪೆಟ್ಟು ಇದಕ್ಕಿಂತ ದೊಡ್ಡದು. ಕೈಪಿಡಿಯಲ್ಲಿ ನಮ್ಮ ಹಟ್ಟಿಯೇ ಇಲ್ಲ. ಅಲ್ಲಿರುವುದು ಕಂದಾಯ ಗ್ರಾಮ. ಹಳ್ಳದಾಚೆ ಎರಡು ಕಿಲೋಮೀಟರ್ ದೂರದಲ್ಲಿರುವ ನಮ್ಮ ಹಟ್ಟಿಯ ಮನೆಗಳೆಲ್ಲ ಆ ಒಂದೇ ಸಾಲಿನೊಳಗೆ ಕರಗಿವೆ. ಊರಿನ ಹೆಸರಿನ ಮುಂದೆ ‘ಅಂಗನವಾಡಿ ಇದೆ’ ಎಂದು ದಾಖಲಾಗಿದೆ. ಸುಳ್ಳೇನೂ ಅಲ್ಲ, ಇದೆ. ಮಳೆಗಾಲದಲ್ಲಿ ಮೂರು ವರ್ಷದ ಮಗು ಹಳ್ಳ ದಾಟಿ ಅಲ್ಲಿಗೆ ಹೋಗುವುದು ಹೇಗೆ ಎಂಬುದಕ್ಕೆ ಕಾಲಂ ಇಲ್ಲ, ಅಷ್ಟೆ. ರಾಜ್ಯದ ಎಷ್ಟೋ ತಾಂಡಾ, ಹಟ್ಟಿ, ಕಾಲೊನಿಗಳ ಕಥೆಯೂ ಇದೇ. ಇವುಗಳನ್ನು ಕಂದಾಯ ಗ್ರಾಮ ಮಾಡುವ ಕೆಲಸ ಶುರುವಾಗಿದ್ದರೂ ಹಳೆಯ ಗಣತಿಯಲ್ಲಿ ಅವು ಹೊಸದಾಗಿ ಹುಟ್ಟಿಬರಲಾರವು.

ಕೊನೆಗೆ ನಾನು, ಇಬ್ಬರು ಗೆಳೆಯರು ಮೂರು ಸಂಜೆ ಮನೆಮನೆ ಸುತ್ತಿದೆವು. ಮಕ್ಕಳ ಹೆಸರು ಬರೆಯಲಿಲ್ಲ. ಮನೆ ಸಂಖ್ಯೆ, ಜನ, ಆರು ವರ್ಷದೊಳಗಿನವರು, ಇಷ್ಟೇ. ಆದರೂ ಒಬ್ಬ ಅಜ್ಜಿ ‘ಪಿಂಚಣಿ ನಿಲ್ಲಿಸೋಕೆ ಬಂದಿರೇನೋ’ ಎಂದು ಬಾಗಿಲು ಹಾಕಿಕೊಂಡರು. 58 ಮನೆ, 261 ಜನ, 29 ಮಕ್ಕಳು. ಹೊಸ ಅರ್ಜಿ ಒಂದೇ ಪುಟ: ಊರಿನ ಗಣತಿ ಕೋಡ್, 2011ರ ಅಂಕಿ, ಪಕ್ಕದಲ್ಲಿ ನಮ್ಮ ಎಣಿಕೆ ಮತ್ತು ಅದರ ದಿನಾಂಕ, ಹಳ್ಳದ ಫೋಟೊ, ಮಿನಿ ಅಂಗನವಾಡಿಯ ಮಾನದಂಡ, ಗ್ರಾಮಸಭೆಯ ಠರಾವು. ಯಾವುದು ಸರ್ಕಾರದ ಅಂಕಿ, ಯಾವುದು ನಮ್ಮದು ಎಂಬುದನ್ನು ಬೇರೆ ಬೇರೆಯಾಗಿಯೇ ಬರೆದೆವು. ಬೆರೆಸಿದರೆ ಎರಡನ್ನೂ ಯಾರೂ ನಂಬುವುದಿಲ್ಲ.

ಎರಡು ವಾರದ ಮೇಲೆ ಮೊದಲ ಬಾರಿಗೆ ಮೇಲ್ವಿಚಾರಕಿ ಮೇಡಂ ಹಟ್ಟಿಗೆ ಬಂದರು. ಕೈಯಲ್ಲಿ ನಮ್ಮ ಪಟ್ಟಿ. ಮನೆಮನೆ ನೋಡಿ ಮೂರು ಮಕ್ಕಳನ್ನು ಹೊಡೆದುಹಾಕಿದರು. ಬಾಣಂತನಕ್ಕೆ ತವರಿಗೆ ಬಂದವರ ಮಕ್ಕಳಂತೆ, ನಮಗೆ ಅದು ಹೊಳೆದೇ ಇರಲಿಲ್ಲ. 26 ಉಳಿದವು. ಮಂಜೂರಾತಿ ಇನ್ನೂ ಬಂದಿಲ್ಲ, ಕಡತ ಜಿಲ್ಲಾ ಕಚೇರಿಗೆ ಹೋಗಿದೆ ಎಂದಷ್ಟೇ ಗೊತ್ತು.

2021ರಲ್ಲಿ ಆಗಬೇಕಿದ್ದ ಗಣತಿ ಕೋವಿಡ್‌ನಿಂದ ಮುಂದಕ್ಕೆ ಹೋಗಿ, 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟು ನಡೆಯಬೇಕಿದೆ. ಈ ಸಲದ ಅಂಕಿಗಳ ಮೇಲೆಯೇ ಮುಂದಿನ ಹತ್ತು ವರ್ಷದ ರಸ್ತೆ, ಅಂಗನವಾಡಿ ನಿಲ್ಲುತ್ತವೆ. ಗಣತಿದಾರರಿಗೆ ಕೊಟ್ಟ ವೈಯಕ್ತಿಕ ಮಾಹಿತಿಯನ್ನು 1948ರ ಜನಗಣತಿ ಕಾಯ್ದೆ ಗೋಪ್ಯವಾಗಿಡುತ್ತದೆ ಎಂದು ಆ ಅಜ್ಜಿಯಂಥವರಿಗೆ ಹೇಳಬೇಕಾದವರು ನಾವೇ. ಕೆಲಸಕ್ಕಾಗಿ ಕಾಯುತ್ತ ಊರಲ್ಲಿರುವ ಗೆಳೆಯರೇ, ನಿಮ್ಮ ಹಳ್ಳಿಯ ಸಾಲನ್ನು ಒಮ್ಮೆ ತೆರೆದು ನೋಡಿ. ಅದರಲ್ಲಿ ಯಾವ ಕೇರಿ, ಯಾವ ಹಟ್ಟಿ ಕರಗಿದೆ ಎಂದು ನಿಮಗೇ ಗೊತ್ತಾಗುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ಅದನ್ನು ಬರೆಸಿ.

ಪಕ್ಕದ ಕಾಲೊನಿಯವರಿಗೆ ಕುಡಿಯುವ ನೀರಿನ ಟ್ಯಾಂಕ್ ಬೇಕಂತೆ. ನಮ್ಮ ನಮೂನೆ ಕೇಳಿದ್ದಾರೆ. ಇಂಟರ್ನಲ್ಸ್ ಮುಗಿದ ಭಾನುವಾರ ಹೋಗಬೇಕು.