ಊಟಿಯನ್ನು ಯಾರೂ ಕಂಡುಹಿಡಿಯಲಿಲ್ಲ

ಊಟಿಯನ್ನು ಬ್ರಿಟಿಷ್ ಕಲೆಕ್ಟರ್ ಜಾನ್ ಸಲಿವನ್ ಕಂಡುಹಿಡಿದ ಎಂದು ಇನ್ನೆಷ್ಟು ವರ್ಷ ಹೇಳಿಕೊಂಡು ಬರುತ್ತೀರಿ? 2022ರಲ್ಲಿ ಊಟಿಗೆ ಇನ್ನೂರು ವರ್ಷ ತುಂಬಿತೆಂದು ತಮಿಳುನಾಡು ಸರ್ಕಾರವೇ ಹಬ್ಬ ಮಾಡಿತು. ನಮ್ಮ ಪ್ರವಾಸ ಲೇಖಕರದ್ದೂ ಅದೇ ರಾಗ: ಬಿಳಿಯರು ಬರದಿದ್ದರೆ ಅಲ್ಲಿ ಬರೀ ಕಾಡಿರುತ್ತಿತ್ತು. ಯಾರ ಕಾಡು ಸ್ವಾಮಿ? ಅದು ತೋಡರು ಎಮ್ಮೆ ಮೇಯಿಸುತ್ತಿದ್ದ ಹುಲ್ಲುಗಾವಲು. ಬೆಟ್ಟದ ಇಳಿಜಾರಿನಲ್ಲಿ ಬಡಗರು ಉತ್ತು ಬಿತ್ತುತ್ತಿದ್ದರು. ಕೋತರು ಕಬ್ಬಿಣ ಬಡಿದು ಕುಡುಗೋಲು ಮಾಡಿಕೊಡುತ್ತಿದ್ದರು. ಬಡಗರ ಮಾತಿಗೆ ಕಿವಿಗೊಟ್ಟರೆ ಕನ್ನಡಿಗರಿಗೆ ಎಷ್ಟೋ ಅರ್ಥವಾಗುತ್ತದೆ, ಅಷ್ಟು ಹತ್ತಿರದ ಜನ. ಇವರೆಲ್ಲ ಬದುಕಿದ್ದ ನೆಲವನ್ನು ಒಬ್ಬ ಕಲೆಕ್ಟರ್ ಕಂಡುಹಿಡಿದನಂತೆ!

1799ರಲ್ಲಿ ಟಿಪ್ಪು ಬಿದ್ದ ಮೇಲೆ ಊಟಿಯಿರುವ ನೀಲಗಿರಿ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಕೊಯಮತ್ತೂರಿನ ಕಲೆಕ್ಟರ್ ಸಲಿವನ್ 1819ರಲ್ಲಿ ಬೆಟ್ಟ ಹತ್ತಿದ, 1822ರಲ್ಲಿ ಸ್ಟೋನ್ ಹೌಸ್ ಎಂಬ ಬಂಗಲೆ ಕಟ್ಟಿಸಲು ಹೊರಟ. ತೋಡರಿಂದ ನೆಲ ಕೊಂಡ ದರ ಎಕರೆಗೆ ಒಂದು ರೂಪಾಯಿ. ಊಟಿಯನ್ನು ಹೊಗಳುವ ಇತಿಹಾಸಗಳೇ ಹೇಳುವ ಲೆಕ್ಕ ಇದು. ಎಕರೆಗೆ ಒಂದು ರೂಪಾಯಿ! ಜಿಲ್ಲೆಯ ಕಂದಾಯ ವಸೂಲಿ ಮಾಡುವವನೇ ಎದುರು ಬಂದು ನಿಂತು ನೆಲ ಕೊಡಿ ಎಂದರೆ ಇಲ್ಲ ಅನ್ನುವ ಎದೆ ಯಾರಿಗಿತ್ತು? ಆಮೇಲೆ ಅವನು ತೋಡರ ಹಕ್ಕಿನ ಪರ ವಾದಿಸಿದ ಎನ್ನುತ್ತಾರೆ. ವಾದಿಸಿರಲಿ. ನೆಲ ವಾಪಸ್ ಬಂತೇ?

ಹಾಗೆ ಪಡೆದ ನೆಲದ ಮೇಲೆ ಎದ್ದದ್ದು ಬಿಳಿಯರ ಊರು. ಊಟಿ ಕ್ಲಬ್ಬಿನಲ್ಲಿ ಸ್ನೂಕರಿನ ನಿಯಮ ಬರೆದರೆಂದು ಗೈಡುಗಳು ಬೀಗುತ್ತಾರೆ. ಆ ಕಾಲದಲ್ಲಿ ಭಾರತೀಯರು ಅದರೊಳಗೆ ಹೋಗುತ್ತಿದ್ದದ್ದು ಬಟ್ಲರಾಗಿ, ಅಡಿಗೆಯವರಾಗಿ ಎಂದು ಯಾವ ಗೈಡೂ ಹೇಳುವುದಿಲ್ಲ. ಬಿಳಿಯರಲ್ಲೂ ಬಡವರನ್ನು ಬೇರೆಯೇ ಇಟ್ಟಿದ್ದರು. ಸಾಮಾನ್ಯ ಸಿಪಾಯಿಗಳ ಮಕ್ಕಳಿಗೆಂದೇ 1858ರಲ್ಲಿ ಲಾರೆನ್ಸ್ ಅಸೈಲಂ ಎಂಬ ವಸತಿ ಶಾಲೆ ಶುರುವಾಯಿತು. ಕೂನೂರಿಗೆ ರೈಲು ಬಂದದ್ದು 1899ರಲ್ಲಿ, ಊಟಿಗೆ 1908ರಲ್ಲಿ. ಅದಕ್ಕೂ ಮುಂಚೆ ದೊರೆಸಾನಿಯರನ್ನು, ಅವರ ಪೆಟ್ಟಿಗೆಗಳನ್ನು ಘಾಟಿ ಹತ್ತಿಸಿದ ಹೆಗಲುಗಳು ಯಾರವು? ಸಮುದ್ರ ದಾಟಿಸಿ ತಂದಿದ್ದ ಚೀನೀ ಕೈದಿಗಳನ್ನು ನಡುವಟ್ಟಂನ ಸಿಂಕೋನಾ ತೋಟದಲ್ಲಿ ದುಡಿಸಿದರು, ಅಲ್ಲಿ ಅವರಿಗೆ ಜೈಲು ಕಟ್ಟಿದರು. ಸಾಹೇಬರ ಮಲೇರಿಯಾಕ್ಕೆ ಸಿಂಕೋನಾ ತೊಗಟೆಯ ಕ್ವಿನೈನ್ ಬೇಕಿತ್ತಲ್ಲ!

ಬಿಳಿಯರು ಹೋದರು, ಅವರನ್ನು ಮೆರೆಸುವ, ನಮ್ಮವರನ್ನು ಹೊರಗಿಡುವ ಚಟ ಹೋಗಲಿಲ್ಲ. ನನ್ನ ಸಿಟ್ಟು ಇರುವುದೇ ಇಲ್ಲಿ. ಚರ್ಚಿಲ್ ಕೊಡದೆ ಹೋದ 13 ರೂಪಾಯಿ ಬಾಕಿಯ ದಾಖಲೆಯನ್ನು ಬೆಂಗಳೂರು ಕ್ಲಬ್ ಒಡವೆಯಂತೆ ಕಾಪಾಡಿಕೊಂಡಿದೆ. 2014ರಲ್ಲಿ ಚೆನ್ನೈನ ಕ್ರಿಕೆಟ್ ಸಂಸ್ಥೆಯ ಕ್ಲಬ್ಬು, ಪಂಚೆ ಉಟ್ಟು ಬಂದರೆಂದು ಹೈಕೋರ್ಟ್ ನ್ಯಾಯಮೂರ್ತಿಯನ್ನೇ ಬಾಗಿಲಲ್ಲಿ ತಡೆಯಿತು. ಪಂಚೆಯುಟ್ಟವರನ್ನು ಒಳಗೆ ಬಿಡಿ ಎನ್ನಲು ತಮಿಳುನಾಡು ಒಂದು ಕಾನೂನನ್ನೇ ಮಾಡಬೇಕಾಯಿತು. ನ್ಯಾಯಮೂರ್ತಿಗೇ ಈ ಗತಿಯಾದರೆ ಉಳಿದವರ ಪಾಡೇನು? ಇಂಥ ಕ್ಲಬ್ಬುಗಳ ಮೆಂಬರ್‌ಶಿಪ್ಪಿಗೆ ವರ್ಷಗಟ್ಟಲೆ ಕಾಯುವ ನಮ್ಮ ದೊಡ್ಡ ಮನುಷ್ಯರೇ ಊಟಿಯ ಹಳೆಯ ಸೊಬಗು ಹಾಳಾಯಿತು, ಸಿಕ್ಕಸಿಕ್ಕವರೆಲ್ಲ ಬರುತ್ತಿದ್ದಾರೆ ಎಂದು ಗೊಣಗುವುದು. ಬರಲಿ, ಬಸ್ಸು ತುಂಬಿಸಿಕೊಂಡು ಬರಲಿ!

ಮೈಸೂರು, ಗುಂಡ್ಲುಪೇಟೆ ಕಡೆಯಿಂದ ಮಕ್ಕಳನ್ನು ಊಟಿಗೆ ಕರೆದೊಯ್ಯುವ ಮೇಷ್ಟ್ರುಗಳಿಗೆ ಒಂದು ಮಾತು. ಗೂಡಲೂರು ದಾಟಿ ಘಾಟಿ ಹತ್ತಿದರೆ ನಡುವಟ್ಟಂ ದಾರಿಯಲ್ಲೇ ಸಿಗುತ್ತದೆ. ಬಸ್ ನಿಲ್ಲಿಸಿ, ಮೊದಲು ಆ ಜೈಲು ತೋರಿಸಿ. ಬೊಟಾನಿಕಲ್ ಗಾರ್ಡನ್ನಿಗೆ ಹೋದಾಗ ಹೂವಿನ ಪಾತಿ ನೋಡಿ ತಿರುಗಿ ಬರಬೇಡಿ. ಅದರ ಮೇಲ್ಗಡೆ ತೋಡರ ಹಟ್ಟಿ (ಮಂದ್) ಇವತ್ತಿಗೂ ಇದೆ. ಈ ನೆಲ ಯಾರದ್ದಾಗಿತ್ತು, ಎಕರೆಗೆ ಎಷ್ಟಕ್ಕೆ ಹೋಯಿತು ಎಂದು ಅಲ್ಲಿ ನಿಂತು ಮಕ್ಕಳಿಗೆ ಹೇಳಿ.