ದಾರಿಯಲ್ಲಿಲ್ಲದ ಸ್ಟಾಪು

ಧಾರವಾಡ ದಾಟಿ ಅನಮೋಡ್ ಘಾಟಿ ಇಳಿದರೆ ಗೋವಾದಲ್ಲಿ ಮೊದಲು ಸಿಗುವುದೇ ಮೊಲ್ಲೆಂ. ನಾವು ಮೈಸೂರಿನಿಂದ ಹೊರಟಿದ್ದೂ ಅಲ್ಲಿನ ಕಾಡಿಗೇ. ತಾಂಬ್ಡಿ ಸುರ್ಲಾದಲ್ಲಿ ಕದಂಬರ ಕಾಲದ ಮಹಾದೇವ ದೇವಸ್ಥಾನ ನೋಡೋದು, ಅಲ್ಲಿಂದ ಜಲಪಾತದ ತನಕ ನಡೆಯೋದು ಅಂತ ಪ್ಲಾನು. ಏಳು ವರ್ಷದ ಮಗಳಿಗೆ ಅದು ಮೊದಲನೇ ಟ್ರೆಕ್. ಮೇಟಗಳ್ಳಿಯ ನಮ್ಮ ಮನೆ ಟೆರೇಸಿನ ಮೇಲೆ ಹೊಸ ಶೂ ಹಾಕಿಕೊಂಡು ಒಂದು ವಾರ ಪ್ರಾಕ್ಟೀಸ್ ಮಾಡಿದ್ದಳು.

ಕಾರು ಮೊಲ್ಲೆಂನಲ್ಲಿ ನಿಲ್ಲಲಿಲ್ಲ. ಇನ್ನೂ 50 ಕಿಲೋಮೀಟರಿಗೂ ಹೆಚ್ಚು ಮುಂದೆ ಹೋಗಿ ಪಣಜಿಯಲ್ಲಿ ನಿಂತಿತು. 'ಹೆಂಗೂ ಇಷ್ಟು ದೂರ ಬಂದಿದೀವಿ, ಒಂದು ರಾತ್ರಿ ಕ್ಯಾಸಿನೊ ನೋಡ್ಕೊಂಡು ಬೆಳಿಗ್ಗೆ ವಾಪಸ್ ಬಂದ್ರಾಯ್ತು' ಅಂದವರು ಭಾವ. ಹೂಂ ಅಂದವನು ನಾನು. ಅಕ್ಕ, ನನ್ನ ಹೆಂಡತಿ ಇಬ್ಬರೂ 'ಮಕ್ಕಳು?' ಅಂತ ಕೇಳಿದ್ದಕ್ಕೆ ಭಾವ ಫೋನಿನಲ್ಲಿ ಫೋಟೋ ತೋರಿಸಿದರು. ಮಕ್ಕಳಿಗೇ ಬೇರೆ ರೂಮಿದೆ, ಫ್ಯಾಮಿಲಿ ಪ್ಯಾಕೇಜು.

ನಾನು ಜಗಳ ತೆಗೆಯುತ್ತಿರುವುದು ಈ 'ಫ್ಯಾಮಿಲಿ' ಅನ್ನೋ ಪದದ ಮೇಲೆ.

ಟಿಕೆಟ್ಟಿನಲ್ಲೇ ಊಟ, ಕುಡಿತ, ಒಂದಿಷ್ಟು ಚಿಪ್ಸ್ (ತಿನ್ನೋದಲ್ಲ) ಎಲ್ಲ ಸೇರಿತ್ತು. 21 ತುಂಬದವರಿಗೆ ಜೂಜಿನ ಮಹಡಿಗೆ ಪ್ರವೇಶವಿಲ್ಲ. ಅದಕ್ಕೇ ಪಕ್ಕದಲ್ಲಿ ಮಕ್ಕಳ ಕೋಣೆ: ಕಾರ್ಟೂನು, ಪ್ಲಾಸ್ಟಿಕ್ ಚೆಂಡು, ನೋಡಿಕೊಳ್ಳಲು ಇಬ್ಬರು ಹುಡುಗಿಯರು. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟು ಟೋಕನ್ ಈಸ್ಕೊಳ್ಳೋ ಹಾಗೆ ಮಗಳನ್ನು ಬಿಟ್ಟು ಚೀಟಿ ಈಸ್ಕೊಂಡೆವು. 'ಒಂದು ಗಂಟೆ ಅಷ್ಟೇ ಪುಟ್ಟಿ' ಅಂದಿದ್ದೆ. ನಾವು ಚೀಟಿ ವಾಪಸ್ ಕೊಟ್ಟಾಗ ರಾತ್ರಿ ಎರಡೂವರೆ. ಮ್ಯಾಟಿನ ಮೇಲೆ ಶೂ ಸಮೇತ ನಿದ್ದೆ ಹೋಗಿದ್ದಳು.

ನಾನೇನು ಸಭ್ಯಸ್ಥನಾಗಿ ಮೂಲೇಲಿ ಕೂತಿದ್ದವನಲ್ಲ. 4,500 ಗೆದ್ದೆ. ಗೆದ್ದಾಗ ಕಿವಿ ಬಿಸಿಯಾಯ್ತು, ಮಗಳು ನೆನಪಿಗೆ ಬರಲಿಲ್ಲ. ಇದನ್ನು ಬರೆಯಲು ಅದೇ ಮುಖ್ಯ ಕಾರಣ.

'ಲಿಮಿಟ್ ಇಟ್ಕೊಂಡು ಆಡಿದ್ರೆ ಏನಾಗುತ್ತೆ ಗುರು?' ಅಂತ ಆಫೀಸಿನಲ್ಲಿ ಕೇಳುತ್ತಾರೆ. ಕೇಳುವವರೆಲ್ಲ ಬಿಇ ಓದಿದವರು, ಪ್ರಾಬಬಿಲಿಟಿ ಪಾಸಾದವರು. ಒಂದು ಸೊನ್ನೆ ಇರುವ ರೂಲೆಟ್ ಚಕ್ರದಲ್ಲಿ 37 ಮನೆ, ಗೆದ್ದರೆ ಕೊಡುವುದು 1ಕ್ಕೆ 35. ಕಟ್ಟಿದ ಪ್ರತಿ ನೂರಕ್ಕೆ ಸರಾಸರಿ 2 ರೂಪಾಯಿ 70 ಪೈಸೆ ಅವರದು. 500ರಂತೆ 100 ಸಲ ಕಟ್ಟಿದರೆ ಸುಮಾರು 1,350. ಅಷ್ಟೇನಾ ಅಂತೀರಾ? ಅಷ್ಟೇ, ನೂರನೇ ಸಲಕ್ಕೆ ಎದ್ದು ಬಂದರೆ. ನಾವು ಲಿಮಿಟ್ ಇಡುವುದು ಜೇಬಿಗೆ, ಅವರ ಆದಾಯ ಇರುವುದು ನಾವು ಕೂರುವ ಹೊತ್ತಿನಲ್ಲಿ. ಆಪ್ ಕಟ್ಟುವ ನಾವು ಇದನ್ನು ಸೆಷನ್ ಟೈಮ್ ಅಂತೀವಿ. ಬಫೆ, ಸ್ಟೇಜಿನ ಡ್ಯಾನ್ಸು ಎಲ್ಲ ಅದಕ್ಕೇ. ಮಕ್ಕಳ ಕೋಣೆಯೂ ಅದಕ್ಕೇ. ಅದು ಮಗುವಿಗೆ ಕೊಟ್ಟ ಸೌಲಭ್ಯ ಅಲ್ಲ. 'ಮಗು ಅಳ್ತಿದೆ, ನಡೀರಿ' ಅಂತ ಎದ್ದು ಹೋಗುವ ಒಂದೇ ಒಂದು ನೆಪವನ್ನೂ ನಮ್ಮಿಂದ ಕಿತ್ತುಕೊಳ್ಳುವ ಏರ್ಪಾಡು.

ಜೂಜೇ ಪಾಪ ಅಂತ ಹೇಳಲು ನನಗೆ ಬಾಯಿಲ್ಲ. ನಮ್ಮೂರಲ್ಲಿ ಹೊಸತೊಡಕಿನ ದಿನ ಬಾಡೂಟ ಆದಮೇಲೆ ಜಗಲಿ ತುಂಬ ಇಸ್ಪೀಟು. ಆದರೆ ಅಲ್ಲಿ ಸೋತ ದುಡ್ಡು ಊರಲ್ಲೇ ಇರುತ್ತಿತ್ತು. ಆಟ ಹೆಚ್ಚಾಯಿತು ಅನ್ನಿಸಿದರೆ ನಮ್ಮಜ್ಜಿ ಬಂದು ಹಾಸಿದ ದುಪ್ಪಟಿ ಸಮೇತ ಎಲೆ ಎತ್ತಿಕೊಂಡು ಹೋಗಿಬಿಡೋದು. ಪಣಜಿಯ ಹಡಗಿನಲ್ಲಿ ಅಜ್ಜಿಯನ್ನು ಬಫೆ ಮುಂದೆ ಕೂರಿಸಿರುತ್ತಾರೆ. ಇನ್ನೊಂದು ತಮಾಷೆ ನೋಡಿ. ಅರಳಿಕಟ್ಟೆ ಹಿಂದೆ ಅಂದರ್ ಬಾಹರ್ ಆಡಿ ಸಿಕ್ಕಿಬಿದ್ದರೆ ಕರ್ನಾಟಕ ಪೊಲೀಸ್ ಕಾಯ್ದೆ 1963ರ ಪ್ರಕಾರ ಕೇಸು, ಪೇಪರಿನಲ್ಲಿ ಫೋಟೋ. ಅದೇ ಅಂದರ್ ಬಾಹರ್ ಘಟ್ಟದ ಕೆಳಗೆ ಹಸಿರು ಬಟ್ಟೆ ಮೇಲೆ ಆಡಿದರೆ 'ವೆಲ್ಕಮ್ ಸರ್'.

ವೆಲ್ಕಮ್ ಯಾರಿಗೆ ಅನ್ನೋದೂ ಗೊತ್ತಿರಲಿ. ಗೋವಾ ಸರಕಾರ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಮೆಷಿನ್ನಿಗೆ ದಾರಿ ಮಾಡಿತು, 1996ರಲ್ಲಿ ಹಡಗುಗಳಿಗೆ. 2020ರ ಫೆಬ್ರವರಿ 1ರಿಂದ ಗೋವಾದ ಜನರೇ ಕ್ಯಾಸಿನೊದಲ್ಲಿ ಆಡುವಂತಿಲ್ಲ. ತನ್ನ ಮನೆ ಮಕ್ಕಳಿಗೆ ಬಡಿಸದ ಅಡುಗೆಯನ್ನು ಬೀಗರಿಗೆ ಬಡಿಸುತ್ತಿದ್ದಾರೆ, ನಾವು ಎಲೆ ಹಾಸಿಕೊಂಡು ಕೂತಿದ್ದೇವೆ. ದಿಲ್ಲಿಯದೂ ಇದೇ ಕತೆ. 2025ರ ಆಗಸ್ಟಿನಲ್ಲಿ ಸಂಸತ್ತು ಫೋನಿನಲ್ಲಿ ದುಡ್ಡು ಕಟ್ಟಿ ಆಡುವ ಆಟಗಳನ್ನೆಲ್ಲ ನಿಷೇಧಿಸಿತು. ಮುಂದಿನ ತಿಂಗಳೇ ಕ್ಯಾಸಿನೊ ಮೇಲಿನ ಜಿಎಸ್‌ಟಿ 28ರಿಂದ 40 ಪರ್ಸೆಂಟಿಗೆ ಏರಿತು. ಫೋನಿನ ರಮ್ಮಿ ಕೆಟ್ಟದ್ದು, ಹಡಗಿನ ರಮ್ಮಿ ಖಜಾನೆಗೆ ಒಳ್ಳೆಯದು.

ಆ ಹಡಗುಗಳು ನಿಂತಿರುವ ಮಾಂಡವಿ ಬೇರೆ ಯಾವುದೂ ಅಲ್ಲ, ಖಾನಾಪುರ ತಾಲ್ಲೂಕಿನ ದೇಗಾಂವದ ಹತ್ತಿರ ಹುಟ್ಟುವ ನಮ್ಮ ಮಹದಾಯಿ. 2018ರಲ್ಲಿ ನ್ಯಾಯಮಂಡಳಿ ಅದರಲ್ಲಿ 13.42 ಟಿಎಂಸಿ ನಮಗೆ ಅಂತ ಹೇಳಿದ ಮೇಲೂ ಎರಡು ರಾಜ್ಯಗಳ ಜಗಳ ಮುಗಿದಿಲ್ಲ. ತಾಂಬ್ಡಿ ಸುರ್ಲಾದ ಹಳ್ಳದ ನೀರೂ ಕೊನೆಗೆ ಸೇರುವುದು ಅದಕ್ಕೇ. ಮಗಳಿಗೆ ತೋರಿಸಬೇಕಿದ್ದ ನೀರನ್ನು ಕಾಡಿನಲ್ಲಿ ಬಿಟ್ಟು, ಕೆಳಗೆ ಬಂದು ಅದೇ ನೀರಿನ ಮೇಲೆ ಅವಳನ್ನು ಟೋಕನ್ನಿಗೆ ಇಟ್ಟೆ.

ಬೆಳಿಗ್ಗೆ ಎದ್ದಾಗ ಹತ್ತೂವರೆ. ದೇವಸ್ಥಾನ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಮೂರು. 'ಇನ್ನು ಮಗು ಕರ್ಕೊಂಡು ಕಾಡೊಳಗೆ ಬೇಡ, ಕತ್ತಲಾಗುತ್ತೆ' ಅಂದ ಗೈಡು. ಸರಿಯಾಗೇ ಹೇಳಿದ. ಮಗಳು ಹೊಸ ಶೂ ಹಾಕಿಕೊಂಡು ದೇವಸ್ಥಾನಕ್ಕೆ ಮೂರು ಸುತ್ತು ಬಂದಳು. ಅದೇ ಅವಳ ಟ್ರೆಕ್.

ಮೇಟಗಳ್ಳಿಯಲ್ಲಿ ರಿಸರ್ವ್ ಬ್ಯಾಂಕಿನ ನೋಟು ಮುದ್ರಣಾಲಯ ಇದೆಯಲ್ಲ, 'ನೋಟು ಪ್ರಿಂಟ್ ಮಾಡೋ ಊರಿನವರು ನಾವು, ನಮಗೇನ್ರೀ ಕಮ್ಮಿ' ಅಂತ ಹಡಗು ಹತ್ತುವಾಗ ಭಾವ ಜೋಕು ಮಾಡಿದ್ದರು. ವಾಪಸ್ ಬರುವಾಗ ರಾಣೆಬೆನ್ನೂರಿನ ಹತ್ತಿರ ಊಟದ ಬಿಲ್ಲು ಕೊಡಲು ಅಕ್ಕ ಅವರ ಫೋನು ತೆಗೆದಳು. 38,000 ಹೋಗಿದ್ದು ಮೆಸೇಜಿನಲ್ಲಿತ್ತು. ಅಲ್ಲಿಂದ ಮೈಸೂರಿನ ತನಕ ಕಾರಿನಲ್ಲಿ ಎಫ್‌ಎಂ ಮಾತ್ರ ಮಾತಾಡಿತು.

ಡಿಸೆಂಬರ್ ರಜಕ್ಕೆ ಮತ್ತೆ ಗೋವಾ ಅಂತ ಭಾವ ಫೋನು ಮಾಡಿದ್ದಾರೆ. ಮೊಲ್ಲೆಂನಲ್ಲೇ ಎರಡು ರೂಮು ಬುಕ್ ಮಾಡಿದ್ದೇನೆ, ಡ್ರೈವಿಂಗೂ ನನ್ನದೇ. ಪಣಜಿಗೆ ಹೋಗಲೇಬೇಕು ಅನ್ನುವವರಿಗೆ ಅಲ್ಲಿಂದ ಬಸ್ಸಿದೆ.