ವಾಯಿದೆ ಮೀರಿದ ಮೇಲ್ಮನವಿ: ವಿನಾಯಿತಿ ಯಾರಿಗೆ?



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಕರಾವಳಿಯವರಾದ ನಮಗೆ ಈ ಹೆಸರುಗಳು ಅಪರಿಚಿತವಲ್ಲ. ಆ ಬಯಲುಸೀಮೆಯಿಂದ ದುಡಿಮೆ ಅರಸಿ ಬಂದವರು ನಮ್ಮ ನಡುವೆಯೇ ಇದ್ದಾರೆ. ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವುದು ಅಲ್ಲಿ ರೂಢಿ. ಹೀಗೆ ಊರು ಬಿಟ್ಟ ಕಾರ್ಮಿಕನ ಮನೆಗೆ ಆದೇಶವೊಂದು ಅಂಚೆಯಲ್ಲಿ ಬಂದರೆ ಅದನ್ನು ಓದಿ ಹೇಳುವವರು ಯಾರು? ಅವನು ಹಬ್ಬಕ್ಕೆ ಊರಿಗೆ ಮರಳುವಷ್ಟರಲ್ಲಿ ಮೇಲ್ಮನವಿಯ ವಾಯಿದೆ ಮುಗಿದಿರುತ್ತದೆ. ಹರಪನಹಳ್ಳಿಯವರಿಗಂತೂ ಜಿಲ್ಲೆಯೇ ಬದಲಾಗುತ್ತಾ ಬಂದಿದೆ: 1997ರಲ್ಲಿ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ.

ತಡವಾದುದಕ್ಕೆ 'ಸಾಕಷ್ಟು ಕಾರಣ' ತೋರಿಸಿದರೆ ನ್ಯಾಯಾಲಯ ವಿಳಂಬವನ್ನು ಮನ್ನಿಸಬಹುದೆಂದು 1963ರ ಕಾಲಮಿತಿ ಕಾಯಿದೆಯ 5ನೇ ಸೆಕ್ಷನ್ ಹೇಳುತ್ತದೆ. 1987ರಲ್ಲಿ ಅನಂತನಾಗ್ ಭೂಸ್ವಾಧೀನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸರಕಾರದ ನಾಲ್ಕು ದಿನಗಳ ವಿಳಂಬವನ್ನು ಮನ್ನಿಸಿ, ಇಂಥ ಅರ್ಜಿಗಳನ್ನು ಉದಾರವಾಗಿ ನೋಡಬೇಕೆಂದಿತು. ನಾಲ್ಕು ದಿನಕ್ಕೆ ತೋರಿದ ಈ ಔದಾರ್ಯವನ್ನು ಇಲಾಖೆಗಳು ವರ್ಷಗಟ್ಟಲೆ ಬಳಸಿಕೊಂಡವು. 2012ರಲ್ಲಿ ಅಂಚೆ ಇಲಾಖೆಯ 427 ದಿನಗಳ ವಿಳಂಬವನ್ನು ಮನ್ನಿಸಲು ಅದೇ ನ್ಯಾಯಾಲಯ ಒಪ್ಪಲಿಲ್ಲ. ಕಡತ ಮೇಜಿನಿಂದ ಮೇಜಿಗೆ ಸಾಗುತ್ತಿತ್ತೆಂಬುದು ಈ ಕಾಲದಲ್ಲಿ ನೆಪವಾಗದು ಎಂದಿತು. 2025ರ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯದ್ದೇ ಸರದಿ. ಭೂಮಿ ವ್ಯಾಜ್ಯವೊಂದರಲ್ಲಿ ಕರ್ನಾಟಕ ಗೃಹ ಮಂಡಳಿ 3,966 ದಿನ, ಅಂದರೆ ಹತ್ತು ವರ್ಷಕ್ಕೂ ಮಿಕ್ಕಿ ತಡಮಾಡಿತ್ತು. ಅದನ್ನು ಮನ್ನಿಸಿದ್ದ ಹೈಕೋರ್ಟಿನ ಆದೇಶವನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು.

ಕಾರ್ಖಾನೆ ವ್ಯಾಜ್ಯಗಳಲ್ಲಿ ಲೆಕ್ಕ ಇನ್ನೂ ಬಿಗಿ. 1948ರ ಕಾರ್ಖಾನೆ ಕಾಯಿದೆಯಡಿ ಇನ್ಸ್‌ಪೆಕ್ಟರರ ಲಿಖಿತ ಆದೇಶದ ವಿರುದ್ಧ ಮಾಲೀಕರಿಗೆ ಮೇಲ್ಮನವಿಗೆ 30 ದಿನ ಇತ್ತು. ಇನ್ಸ್‌ಪೆಕ್ಟರರಿಗೂ ಗಡುವಿತ್ತು: ಅಪರಾಧ ತಿಳಿದ ಮೂರು ತಿಂಗಳೊಳಗೆ ದೂರು ದಾಖಲಿಸಬೇಕು. ಅದು ತಪ್ಪಿದರೆ, ಯಂತ್ರಕ್ಕೆ ರಕ್ಷಾಕವಚ ಇತ್ತೇ ಇಲ್ಲವೇ ಎಂಬ ವಿಚಾರಣೆಗೆ ಬರುವ ಮೊದಲೇ ಪ್ರಕರಣ ಬಿದ್ದುಹೋಗಬಹುದಿತ್ತು. 1972ರ ಗ್ರಾಚ್ಯುಯಿಟಿ ಕಾಯಿದೆಯಲ್ಲಿ ಮೇಲ್ಮನವಿಗೆ 60 ದಿನ, ಕಾರಣವಿದ್ದರೆ ಇನ್ನೂ 60 ದಿನ. ಆದರೆ ಆ ಹಣವನ್ನು ಮೊದಲು ಠೇವಣಿ ಇಡದೆ ಮಾಲೀಕರ ಮೇಲ್ಮನವಿ ಸ್ವೀಕಾರವಾಗುತ್ತಿರಲಿಲ್ಲ. ನನ್ನ ಮಟ್ಟಿಗೆ ಇದು ವಿವೇಕದ ನಿಯಮ. ತಡವಾದ ಮೇಲ್ಮನವಿಯಿಂದ ನಷ್ಟವಾಗುವುದು ಗೆದ್ದೂ ಹಣ ಕೈಸೇರದ ಕೆಲಸಗಾರನಿಗೆ ತಾನೇ?

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಾಗಿ ಈ ಎರಡೂ ಕಾಯಿದೆಗಳ ಸ್ಥಾನಕ್ಕೆ ಬಂದಿವೆ. ಕೆಲಸದಿಂದ ವಜಾ ಆದವನು ನೇರವಾಗಿ ನ್ಯಾಯಮಂಡಳಿಗೆ ಹೋಗಲು ಕೇಂದ್ರ ಕಾನೂನಿನಲ್ಲಿ ಮೊದಲು ಮೂರು ವರ್ಷ ಇತ್ತು. ಈಗ ಎರಡೇ ವರ್ಷ. ಗೃಹ ಮಂಡಳಿಯ ತೀರ್ಪನ್ನು ನಾನು ಸ್ವಾಗತಿಸುತ್ತೇನೆ, ಆದರೆ ಒಂದು ಅಳುಕಿನಿಂದ. ವಕೀಲರ ಪಡೆಯೇ ಇರುವ ಮಂಡಳಿಗೂ ಗುಳೆ ಹೋದ ಕಾರ್ಮಿಕನಿಗೂ ಒಂದೇ ಅಳತೆಗೋಲು ಹಿಡಿದರೆ, ಹೊಸ ಬಿಗಿಯ ಪೆಟ್ಟು ಬೀಳುವುದು ಎರಡನೆಯವನ ಮೇಲೆ. 'ಸಾಕಷ್ಟು ಕಾರಣ'ವನ್ನು ಅಳೆಯುವಾಗ ತಡಮಾಡಿದವರು ಯಾರೆಂದೂ ನೋಡಬೇಕು.

ಇಂಥವರು ಕಾಗದ ಹಿಡಿದು ಬಂದರೆ ನಮ್ಮ ಧರ್ಮಕೇಂದ್ರಗಳ ಕಾರ್ಯಕರ್ತರು ಮೊದಲು ಆದೇಶ ಕೈಸೇರಿದ ದಿನಾಂಕವನ್ನು ಕೇಳಿ ಬರೆದಿಡಲಿ, ಲಕೋಟೆಯನ್ನು ಎಸೆಯಲು ಬಿಡದಿರಲಿ. ಕಾಲಮಿತಿ ಕಾಯಿದೆ ಅನ್ವಯಿಸುವಲ್ಲಿ ಆದೇಶದ ದೃಢೀಕೃತ ನಕಲು ಪಡೆಯಲು ತಗಲಿದ ಸಮಯವನ್ನು ಮೇಲ್ಮನವಿಯ ವಾಯಿದೆಯಿಂದ ಕಳೆಯಲಾಗುತ್ತದೆ. ಆದ್ದರಿಂದ ನಕಲಿನ ಅರ್ಜಿ ಕೂಡಲೇ ಹೋಗಲಿ. ವಕೀಲರ ಖರ್ಚಿಗೆ ಹೆದರಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯು ಉಚಿತ ನೆರವಿಗೆ ಅರ್ಹರೆಂದು ಹೇಳುವವರಲ್ಲಿ ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರ ಜೊತೆಗೆ ಕೈಗಾರಿಕಾ ಕಾರ್ಮಿಕರೂ ಸೇರಿದ್ದಾರೆ. ಅರ್ಜಿಯನ್ನು ತಾಲೂಕು ಕಾನೂನು ಸೇವಾ ಸಮಿತಿಯಲ್ಲೇ ಕೊಡಬಹುದು.